ದಾಳಿಂಬೆ ಸಿಪ್ಪೆಯ ಪುಡಿ ಲಿವರಿಗೆ ಒಳ್ಳೆಯದೇ?

ಪ್ರಶ್ನೆ: ನಮ್ಮ ಮನೆಯವರಿಗೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಗ್ರೇಡ್ 1 ಎಂದು ಬಂದಿದೆ. ದಾಳಿಂಬೆ ಸಿಪ್ಪೆ ಒಣಗಿಸಿ ಪುಡಿ ಮಾಡಿ, ದಿನಾ ಬೆಳಿಗ್ಗೆ ಒಂದು ಚಮಚ ಬಿಸಿನೀರಿಗೆ ಹಾಕಿ ಕೊಡಿ ಎಂದು ನಾದಿನಿ ಹೇಳುತ್ತಾರೆ. ಹಣ್ಣಿಗಿಂತ ಸಿಪ್ಪೆಯಲ್ಲೇ ಆಂಟಿಆಕ್ಸಿಡೆಂಟ್ ಹೆಚ್ಚಂತೆ. ನಿಜವೇ? ಕೊಡಬಹುದೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಸಿಪ್ಪೆಯಲ್ಲಿ ಆಂಟಿಆಕ್ಸಿಡೆಂಟ್ ಹೆಚ್ಚು ಎಂಬುದು ನಿಜ. ಅದನ್ನು ದಿನಾ ಕೊಡಬಹುದೇ ಎಂದರೆ, ಬೇಡ ಎನ್ನುತ್ತೇನೆ.

ದಾಳಿಂಬೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸಿಪ್ಪೆಯೇ. ಅದರ ಒಗರಿಗೆ ಕಾರಣವಾದ ಟ್ಯಾನಿನ್‌ಗಳಲ್ಲಿ ಪ್ಯೂನಿಕಲಾಜಿನ್ ಎಂಬುದು ಮುಖ್ಯ. ಕಾಳಿಗಿಂತ ಸಿಪ್ಪೆಯಲ್ಲಿ ಇದರ ಪ್ರಮಾಣ ಬಹಳ ಹೆಚ್ಚು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳೇ 2002ರಲ್ಲಿ ಈ ಬಗ್ಗೆ ಒಂದು ಪ್ರಯೋಗವನ್ನು ಪ್ರಕಟಿಸಿದ್ದರು. ಇಲಿಗಳಿಗೆ ಮೊದಲು ಸಿಪ್ಪೆಯ ಸಾರ ಕೊಟ್ಟು, ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಟ್ಟರು. ಸಾರ ಕುಡಿದ ಇಲಿಗಳ ಲಿವರ್ ಆ ವಿಷದ ಹೊಡೆತವನ್ನು ಚೆನ್ನಾಗಿ ತಡೆದುಕೊಂಡಿತು. ದ್ರಾಕ್ಷಿ ಬೀಜ, ಮಾವಿನ ಸಿಪ್ಪೆ ಹೀಗೆ ಜ್ಯೂಸ್ ಕಾರ್ಖಾನೆಗಳು ಬಿಸಾಡುವ ಎಷ್ಟೋ ವಸ್ತುಗಳ ಮೇಲೆ ಇಂಥ ಪ್ರಯೋಗಗಳು ನಡೆದಿವೆ. ತಿಪ್ಪೆಗೆ ಹೋಗುವ ಸಿಪ್ಪೆಯಿಂದ ಬೆಲೆಬಾಳುವ ವಸ್ತು ತೆಗೆಯುವ ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ.

ಆದರೆ ಆ ಇಲಿಗೂ ನಿಮ್ಮ ಮನೆಯವರಿಗೂ ಇರುವ ವ್ಯತ್ಯಾಸ ನೋಡಿ. ಕಾರ್ಬನ್ ಟೆಟ್ರಾಕ್ಲೋರೈಡ್ ಲಿವರಿನೊಳಗೆ ಹೋದೊಡನೆ ಫ್ರೀ ರ‍್ಯಾಡಿಕಲ್ ಆಗಿ ಬದಲಾಗಿ, ಜೀವಕೋಶಗಳನ್ನು ಸುಡುತ್ತದೆ. ಅಂಥಲ್ಲಿ ಆಂಟಿಆಕ್ಸಿಡೆಂಟ್ ಗೆಲ್ಲುವುದು ಸಹಜ. ಫ್ಯಾಟಿ ಲಿವರ್ ಬರುವ ದಾರಿ ಬೇರೆ. ಹೊಟ್ಟೆಯ ಬೊಜ್ಜು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು, ಸಕ್ಕರೆ, ಮದ್ಯ ಇವುಗಳಿಂದ ವರ್ಷಗಟ್ಟಲೆ ಕೊಬ್ಬು ಸೇರುತ್ತಾ ಹೋಗುತ್ತದೆ. ಜೊತೆಗೆ ಪ್ಯೂನಿಕಲಾಜಿನ್ ಇದ್ದ ಹಾಗೇ ರಕ್ತಕ್ಕೆ ಇಳಿಯುವುದು ತೀರಾ ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಯೂರೊಲಿಥಿನ್ ಎಂಬ ಬೇರೆಯೇ ವಸ್ತುವಾಗಿಸಬೇಕು. ಆ ಬ್ಯಾಕ್ಟೀರಿಯಾಗಳು ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಬಂದ ಅಂಕ ದೇಹಕ್ಕೆ ಅನ್ವಯಿಸುವುದಿಲ್ಲ ಎಂಬ ಕಾರಣಕ್ಕೇ ಅಮೆರಿಕದ ಕೃಷಿ ಇಲಾಖೆ ತನ್ನ ಆಹಾರಗಳ ಆಂಟಿಆಕ್ಸಿಡೆಂಟ್ ಪಟ್ಟಿಯನ್ನು 2012ರಲ್ಲಿ ವೆಬ್‌ಸೈಟಿನಿಂದ ತೆಗೆದುಹಾಕಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಿಡದಿಂದ ಬಂದದ್ದು ಲಿವರಿಗೆ ಕೆಟ್ಟದ್ದು ಮಾಡಲಾರದು ಎಂಬ ನಂಬಿಕೆ ತಪ್ಪು. ಮಲೆನಾಡಿನ ಉಪ್ಪಾಗೆಯನ್ನೇ ತೆಗೆದುಕೊಳ್ಳಿ. ಕೊಡಗಿನವರು ಅದರ ಹಣ್ಣಿನಿಂದ ಮಾಡುವ ಕಾಚಂಪುಳಿಯನ್ನು ಪಂದಿ ಕರಿಗೆ ಹಾಕಿ ತಲೆತಲಾಂತರದಿಂದ ಉಣ್ಣುತ್ತಿದ್ದಾರೆ. ಅದೇ ಹಣ್ಣಿನ ಸಿಪ್ಪೆಯ ಸಾರ 'ಗಾರ್ಸಿನಿಯಾ' ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾದಾಗ, ಸೇವಿಸಿದವರಲ್ಲಿ ಕೆಲವರಿಗೆ ಲಿವರ್ ತೀವ್ರವಾಗಿ ಹಾಳಾಯಿತು. ಆಂಟಿಆಕ್ಸಿಡೆಂಟಿಗೆ ಹೆಸರಾದ ಗ್ರೀನ್ ಟೀಯದ್ದೂ ಇದೇ ಕಥೆ. ಕಪ್ಪಿನಲ್ಲಿ ಕುಡಿದರೆ ತೊಂದರೆಯಿಲ್ಲ. ಆದರೆ ಅದರ ಕ್ಯಾಟೆಚಿನ್ ಅಂಶ ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ತಲುಪಿದರೆ ಲಿವರಿಗೆ ಪೆಟ್ಟಾಗುವ ಸೂಚನೆಗಳು ಕಾಣುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ದಾಳಿಂಬೆ ಸಿಪ್ಪೆಯ ಮೇಲೆ ಅಂಥ ಆರೋಪವನ್ನು ನಾನು ಹೊರಿಸುತ್ತಿಲ್ಲ. ಊಟದ ಪ್ರಮಾಣ ಬೇರೆ, ದಿನಾ ಔಷಧಿಯಂತೆ ಸೇವಿಸುವುದು ಬೇರೆ ಎಂದಷ್ಟೇ ಹೇಳುತ್ತಿದ್ದೇನೆ. ಭೇದಿಯಾದಾಗ ಮಲೆನಾಡಿನ ಮನೆಗಳಲ್ಲಿ ಮಾಡುವ ದಾಳಿಂಬೆ ಓಡಿನ ತಂಬುಳಿ ಒಂದೆರಡು ಹೊತ್ತಿನದು. ತಿಂಗಳುಗಟ್ಟಲೆ ಅಷ್ಟು ಟ್ಯಾನಿನ್ ಹೊಟ್ಟೆಗೆ ಬಿದ್ದರೆ ಮಲಬದ್ಧತೆ ಆಗಬಹುದು, ಊಟದಲ್ಲಿನ ಕಬ್ಬಿಣಾಂಶವೂ ಮೈಗೆ ಸರಿಯಾಗಿ ಹತ್ತುವುದಿಲ್ಲ.

ದಾಳಿಂಬೆ ಬೆಳೆಯುವ ಸೀಮೆಯವರಾದ ನಿಮಗೆ ಇದು ಗೊತ್ತಿರಬಹುದು: ದುಂಡಾಣು ಅಂಗಮಾರಿ ರೋಗದ ಭಯಕ್ಕೆ ತೋಟಗಳಲ್ಲಿ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಅದು ಮೊದಲು ಬೀಳುವುದು ಸಿಪ್ಪೆಯ ಮೇಲೆ. ಕಾಳು ತಿನ್ನುವವರು ಸಿಪ್ಪೆಯನ್ನು ಎಸೆಯುತ್ತಾರೆ. ಪುಡಿ ಕುಡಿಯುವವರು ಅದನ್ನೇ ಸೇವಿಸುತ್ತಾರೆ.

ಗ್ರೇಡ್ 1 ಎಂದರೆ ಕೊಬ್ಬು ಸ್ವಲ್ಪ ಸೇರಿದೆ ಎಂದು. ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ರಕ್ತಪರೀಕ್ಷೆ, ಬೇಕಾದರೆ ಫೈಬ್ರೊಸ್ಕ್ಯಾನ್ ಮಾಡಿಸಬೇಕು. ಮನೆಯವರ ತೂಕ ಹೆಚ್ಚಿದ್ದರೆ ಅದರಲ್ಲಿ ಶೇ. 5ರಷ್ಟು ಇಳಿದರೂ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ; ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. ಎಂಬತ್ತು ಕೆಜಿಯವರಿಗೆ ಮೊದಲ ಗುರಿ ನಾಲ್ಕೇ ಕೆಜಿ. ದಿನಾ ನಡಿಗೆ, ರಾತ್ರಿ ಮಿತವಾದ ಊಟ, ಕುಡಿತವಿದ್ದರೆ ಅದಕ್ಕೆ ಪೂರ್ಣವಿರಾಮ. ದಾಳಿಂಬೆಯನ್ನು ಸಕ್ಕರೆ ಬೆರೆಸಿದ ಜ್ಯೂಸ್ ಮಾಡದೆ ಕಾಳು ಬಿಡಿಸಿಯೇ ಕೊಡಿ.

ಪುಡಿ ಈಗಾಗಲೇ ಶುರುಮಾಡಿದ್ದರೆ ನಿಲ್ಲಿಸಿ, ಮುಂದಿನ ಸಲ ಹೋದಾಗ ವೈದ್ಯರಿಗೆ ತಿಳಿಸಿ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಮೈತುಂಬ ತುರಿಕೆ ಶುರುವಾದರೆ ಅಲ್ಲಿಯವರೆಗೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.