ಅರಿವಳಿಕೆಯ ಆಳ ಅಳೆಯುವ ಮಾನಿಟರ್: ಆಪರೇಷನ್‌ಗೆ ಮುನ್ನ ಏನು ಕೇಳಬೇಕು?

ಆಪರೇಷನ್ ನಡುವೆ ಎಚ್ಚರವಾಗಿಬಿಟ್ಟರೆ? ಥಿಯೇಟರಿಗೆ ಹೋಗುವ ಬಹುತೇಕರಲ್ಲಿ ಈ ಭಯವಿರುತ್ತದೆ. ಹಾಗಾಗುವುದು ಅಪರೂಪ. 2014ರಲ್ಲಿ ಪ್ರಕಟವಾದ ಬ್ರಿಟನ್–ಐರ್ಲೆಂಡ್ ವರದಿಯಲ್ಲಿ ಸುಮಾರು 19,000 ಜನರಲ್ ಅರಿವಳಿಕೆಗಳಿಗೆ ಒಂದು ದೂರಿತ್ತು. ಸ್ನಾಯು ಸಡಿಲಿಸುವ ಔಷಧ ಕೊಟ್ಟವರಲ್ಲಿ ಮಾತ್ರ ಅದು ಸುಮಾರು 8,000ಕ್ಕೆ ಒಂದು. ಆ ಔಷಧದ ಪ್ರಭಾವದಲ್ಲಿರುವವರಿಗೆ ಎಚ್ಚರವಾದರೂ ಬೆರಳು ಅಲ್ಲಾಡಿಸಲಾಗದು. ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಓದುವ ಮಾನಿಟರ್‌ಗಳು ಬೇಕಾಗುವುದು ಇಲ್ಲೇ.

ಮೊದಲು ಅರಿವಳಿಕೆ ತಜ್ಞರನ್ನು ಕೇಳಿ: ಔಷಧ ಕೊಡುವುದು ಉಸಿರಿನ ಮೂಲಕವೋ, ರಕ್ತನಾಳದ ಮೂಲಕವೋ? ಅನಿಲವಾದರೆ ರೋಗಿ ಹೊರಬಿಡುವ ಉಸಿರಿನಲ್ಲಿ ಎಷ್ಟಿದೆಯೆಂದು ಯಂತ್ರವೇ ಕ್ಷಣಕ್ಷಣವೂ ತೋರಿಸುತ್ತದೆ. ಅಪಾಯ ಹೆಚ್ಚಿದ್ದ ಸುಮಾರು 6,000 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಅಳತೆಗೆ ಅಲಾರಂ ಇಟ್ಟು ಗಮನಿಸಿದ್ದಕ್ಕಿಂತ 'ಬಿಸ್' ಎಂಬ ಮಿದುಳಿನ ಮಾನಿಟರ್ ಮೇಲೆನಿಸಲಿಲ್ಲ. ಪ್ರೊಪೊಫಾಲ್ ಅನ್ನು ರಕ್ತನಾಳಕ್ಕೆ ಹರಿಸುವಾಗ ಮಾಮೂಲಿ ಯಂತ್ರಗಳಲ್ಲಿ ಅಂಥ ಅಳತೆ ಸಿಗದು. ಜೊತೆಗೆ ಸ್ನಾಯು ಸಡಿಲಿಸುವ ಔಷಧವೂ ಇದ್ದರೆ ಮಿದುಳಿನ ಮಾನಿಟರ್ ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ಮಾನಿಟರ್ ಎಂಬುದು ಆಮೇಲಿನ ಮಾತು. ಬಿಸ್‌ನಲ್ಲಿ ಅಂಕಿ 40ರಿಂದ 60ರೊಳಗಿದ್ದರೆ ಸಾಮಾನ್ಯವಾಗಿ ಸರಿಯಾದ ಆಳ. ಎಂಟ್ರೊಪಿಯಲ್ಲೂ ಅಷ್ಟೇ, ಆದರೆ ಅದು ಎರಡು ಅಂಕಿ ಕೊಡುತ್ತದೆ. ಒಂದರಲ್ಲಿ ಹಣೆಯ ಸ್ನಾಯುವಿನ ವಿದ್ಯುತ್ ಚಟುವಟಿಕೆಯೂ ಸೇರಿರುತ್ತದೆ. ಸೆಡ್‌ಲೈನ್‌ನಲ್ಲಿ 25ರಿಂದ 50. ನಾರ್ಕೊಟ್ರೆಂಡ್ 'ಎ'ಯಿಂದ 'ಎಫ್'ವರೆಗೆ ಅಕ್ಷರದಲ್ಲೂ ಹೇಳುತ್ತದೆ. ಒಂದರ 35 ಇನ್ನೊಂದರ 35 ಅಲ್ಲ, ಹೋಲಿಸಿ ಗಾಬರಿಯಾಗಬೇಡಿ.

ಯಾವ ಅಂಕಿಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಕೆಟಮಿನ್ ಕೊಟ್ಟರೆ ರೋಗಿ ಗಾಢ ಅರಿವಳಿಕೆಯಲ್ಲಿದ್ದರೂ ಬಿಸ್ ಏರಬಹುದು. ರಕ್ತ ನಿಲ್ಲಿಸಲು ಬಳಸುವ ಕಾಟರಿಯಿಂದ ಸಂಕೇತ ಕೆಡುತ್ತದೆ. ತೋರುವ ಅಂಕಿ ಕೆಲವು ಸೆಕೆಂಡು ಹಿಂದಿನದು. ಪುಟ್ಟ ಕೂಸುಗಳ ಮಿದುಳಿನ ಅಲೆಗಳೇ ಬೇರೆ. ಹಾಗಾಗಿ ಅನುಭವಿ ವೈದ್ಯರು ಅಂಕಿಯ ಪಕ್ಕದ ಅಲೆಯನ್ನೂ ರೋಗಿಯ ನಾಡಿ, ಬಿಪಿಯನ್ನೂ ಒಟ್ಟಿಗೆ ನೋಡುತ್ತಾರೆ.

ಹಿಂದೆ ಆಪರೇಷನ್ ನಡುವೆ ಎಚ್ಚರವಾಗಿದ್ದರೆ, ಮದ್ಯ, ನಿದ್ರೆ ಮಾತ್ರೆ ಅಥವಾ ಬಲವಾದ ನೋವಿನ ಔಷಧದ ಅಭ್ಯಾಸವಿದ್ದರೆ ತಪಾಸಣೆಯಲ್ಲೇ ಹೇಳಿ. ಮುಚ್ಚಿಟ್ಟರೆ ಔಷಧದ ಲೆಕ್ಕ ತಪ್ಪುತ್ತದೆ. ಹಣೆಯ ಪಟ್ಟಿಗೆ ಬೇರೆ ಬಿಲ್ ಇದೆಯೇ ಎಂದೂ ವಿಚಾರಿಸಿ. ಆ ದಿನ ಹಣೆಯ ಎಣ್ಣೆ, ಕುಂಕುಮ, ವಿಭೂತಿ ಒರೆಸಿಕೊಂಡು ಹೋಗಿ, ಪಟ್ಟಿ ಚೆನ್ನಾಗಿ ಅಂಟಬೇಕು. ಆಪರೇಷನ್ ಆದ ಮೇಲೆ ನಡುವಿನ ಮಾತೋ ನೋವೋ ನೆನಪಿಗೆ ಬಂದರೆ, ಅದು ವಾರದ ನಂತರವಾದರೂ, ಅರಿವಳಿಕೆ ತಜ್ಞರಿಗೆ ತಿಳಿಸಿ.