ಹನ್ನೆರಡು ಭ್ರೂಣ, ಒಂದೇ ಗಿಡ: ಪೈನ್ ಬೀಜದೊಳಗಿನ ಯೋಜಿತ ಸಾವು



ಪ್ರಥಮ ಪಿಯುಸಿಯ ಸಸ್ಯ ಸಾಮ್ರಾಜ್ಯ ಅಧ್ಯಾಯದಲ್ಲಿ ಅನಾವೃತಬೀಜ ಸಸ್ಯಗಳಿಗೆ ಸಿಗುವುದು ಕೆಲವೇ ಪುಟ. ಸೈಕಸ್, ಪೈನಸ್, ಗಿಂಕ್ಗೊ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋಗುವವರೇ ಹೆಚ್ಚು. ಆದರೆ ಪೈನ್ ಬೀಜದೊಳಗೆ ಒಂದು ಒಗಟಿದೆ. ಒಂದು ಬೀಜದಲ್ಲಿ ಹತ್ತಕ್ಕೂ ಹೆಚ್ಚು ಭ್ರೂಣಗಳು ಬೆಳೆಯಲು ಆರಂಭಿಸಬಹುದು. ಬೀಜ ಬಲಿತಾಗ ಸಾಮಾನ್ಯವಾಗಿ ಉಳಿಯುವುದು ಒಂದೇ. ಉಳಿದವು ಎಲ್ಲಿ ಹೋದವು? ಅವುಗಳಿಗೆ ರೋಗ ಬಂತೇ? ಆಹಾರ ಸಾಲದೇ ಹೋಯಿತೇ? ಅಥವಾ ಸಾಯುವುದೇ ಅವುಗಳ ಕೆಲಸವಾಗಿತ್ತೇ?

ಲೆಕ್ಕ ಹೀಗಿದೆ

ಪೈನ್‌ನ ಒಂದು ಅಂಡಕದಲ್ಲಿ ಒಂದಕ್ಕಿಂತ ಹೆಚ್ಚು ಆರ್ಕಿಗೋನಿಯಂಗಳಿರುತ್ತವೆ. ಮೂರು ಇವೆ ಎಂದಿಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಒಂದು ಅಂಡಾಣು. ಮೂರೂ ಬೇರೆ ಬೇರೆ ಪರಾಗರೇಣುಗಳಿಂದ ಫಲಿತಗೊಂಡರೆ ಮೂರು ಯುಗ್ಮಜಗಳಾಗುತ್ತವೆ. ಇದಕ್ಕೆ ಸರಳ ಬಹುಭ್ರೂಣತೆ ಎಂದು ಹೆಸರು. ಇಷ್ಟಕ್ಕೇ ಮುಗಿಯುವುದಿಲ್ಲ. ಪೈನಸ್‌ನಲ್ಲಿ ಪ್ರತಿ ಯುಗ್ಮಜವೂ ಬೆಳೆಯುತ್ತಾ ನಾಲ್ಕು ಭ್ರೂಣಗಳಾಗಿ ಸೀಳಿಕೊಳ್ಳುತ್ತದೆ. ಇದು ಸೀಳು ಬಹುಭ್ರೂಣತೆ. ಮೂರು ನಾಲ್ಕಲೆ ಹನ್ನೆರಡು. ಹನ್ನೆರಡು ಆರಂಭಗಳು, ಕೊನೆಗೆ ಒಂದು ಸಸಿ.

ಈಗ ಸ್ವಲ್ಪ ಅನುವಂಶೀಯತೆ ನೆನಪಿಸಿಕೊಳ್ಳಿ. ಅಂಡಕದೊಳಗಿನ ಸ್ತ್ರೀ ಗ್ಯಾಮೆಟೋಫೈಟ್ ಬೆಳೆದದ್ದು ಒಂದೇ ಮೆಗಾಸ್ಪೋರ್‌ನಿಂದ, ಅದೂ ಮೈಟಾಸಿಸ್ ಮೂಲಕ. ಆದ್ದರಿಂದ ಮೂರೂ ಅಂಡಾಣುಗಳ ಜೀನ್‌ಗಳು ಒಂದೇ. ವ್ಯತ್ಯಾಸ ಬರುವುದು ಪರಾಗದಿಂದ ಮಾತ್ರ. ಇನ್ನು ಒಂದೇ ಯುಗ್ಮಜದಿಂದ ಸೀಳಿದ ನಾಲ್ಕು ಭ್ರೂಣಗಳಂತೂ ತದ್ರೂಪಿ ಅವಳಿಗಳಿದ್ದಂತೆ. ಅವುಗಳ ನಡುವೆ ಜೀನ್‌ಗಳ ವ್ಯತ್ಯಾಸವೇ ಇಲ್ಲ.

ಹಾಗಿದ್ದೂ ನಾಲ್ಕರಲ್ಲಿ ಕನಿಷ್ಠ ಮೂರು ಸಾಯುತ್ತವೆ. ಅಂದರೆ ಸತ್ತ ಭ್ರೂಣದಲ್ಲಿ ಕೆಟ್ಟ ಜೀನ್ ಇತ್ತು ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಬದುಕಿದ ಭ್ರೂಣದಲ್ಲೂ ಸತ್ತ ಭ್ರೂಣದಲ್ಲೂ ಇರುವುದು ಒಂದೇ ಜೀನ್ ಪಟ್ಟಿ. ಯಾವ ಜೀನ್ ಯಾವಾಗ, ಯಾವ ಕೋಶದಲ್ಲಿ ಚಾಲೂ ಆಯಿತು ಎಂಬುದರಲ್ಲಿ ವ್ಯತ್ಯಾಸವಿದೆ. ಈ ಪಾಠದ ತಿರುಳು ಇದೇ.

ಕೊಲೆಯಲ್ಲ, ಕಾರ್ಯಕ್ರಮ

ಗಾಯವಾದಾಗ, ಬಿಸಿ ತಗುಲಿದಾಗ ಕೋಶ ಒಡೆದು ಸಾಯುವುದು ನೆಕ್ರೋಸಿಸ್. ಇದು ಅಪಘಾತ. ಕೋಶ ತನ್ನದೇ ಜೀನ್‌ಗಳ ಸೂಚನೆಯಂತೆ, ಹಂತ ಹಂತವಾಗಿ ತನ್ನನ್ನು ಕಳಚಿಕೊಂಡರೆ ಅದು ಯೋಜಿತ ಕೋಶ ಮರಣ. ಗರ್ಭದಲ್ಲಿರುವ ಮಗುವಿನ ಬೆರಳುಗಳು ಬಿಡಿಬಿಡಿಯಾಗುವುದು ನಡುವಿನ ಕೋಶಗಳು ಹೀಗೆ ಸಾಯುವುದರಿಂದಲೇ. ಸಿ. ಎಲೆಗಾನ್ಸ್ ಎಂಬ ಪುಟ್ಟ ದುಂಡುಹುಳುವಿನಲ್ಲಿ ಹುಟ್ಟುವ 1090 ದೈಹಿಕ ಕೋಶಗಳಲ್ಲಿ 131 ಕೋಶಗಳು ನಿಗದಿಯಂತೆ ಸಾಯುತ್ತವೆ. ಈ ಹುಳುವಿನ ಅಧ್ಯಯನಕ್ಕಾಗಿ ಬ್ರೆನ್ನರ್, ಹಾರ್ವಿಟ್ಜ್ ಮತ್ತು ಸಲ್‌ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ 2002ರಲ್ಲಿ, ಸ್ಕಾಟ್ಸ್ ಪೈನ್ ಬೀಜದಲ್ಲಿ ಒಂದನ್ನು ಬಿಟ್ಟು ಉಳಿದ ಭ್ರೂಣಗಳು ಯೋಜಿತ ಮರಣದಿಂದಲೇ ತೆರವಾಗುತ್ತವೆ ಎಂಬ ಸಂಶೋಧನೆಯೂ ಪ್ರಕಟವಾಯಿತು.

ಗೆದ್ದ ಭ್ರೂಣದೊಳಗೂ ಸಾವು

ಗೆದ್ದ ಒಂದು ಭ್ರೂಣದಲ್ಲಾದರೂ ಎಲ್ಲ ಕೋಶಗಳೂ ಉಳಿಯುತ್ತವೆಯೇ? ಇಲ್ಲ. ಎಳೆಯ ಭ್ರೂಣಕ್ಕೆ ಎರಡು ಭಾಗ. ಒಂದು ತುದಿಯಲ್ಲಿ ಸಣ್ಣ, ದಟ್ಟ ಕೋಶಗಳ ಗುಂಪು. ಮುಂದೆ ಗಿಡವಾಗುವುದು ಇದೇ. ಇನ್ನೊಂದು ತುದಿಯಲ್ಲಿ ಉದ್ದುದ್ದ ಕೋಶಗಳ ಸಸ್ಪೆನ್ಸರ್. ಸಸ್ಪೆನ್ಸರ್ ಉದ್ದವಾಗುತ್ತಾ ಭ್ರೂಣವನ್ನು ಆಹಾರ ತುಂಬಿದ ಅಂಗಾಂಶದೊಳಕ್ಕೆ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದು ಇರುವುದಿಲ್ಲ. ಮನೆ ತಾರಸಿಗೆ ಹಾಕಿದ ಸೆಂಟ್ರಿಂಗ್ ಅನ್ನು ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುವುದಿಲ್ಲವೇ, ಹಾಗೆ.

ಬಿಚ್ಚುವ ಕ್ರಮ ಗಮನಿಸಿ. ಕೋಶ ಮೊದಲು ಉದ್ದವಾಗುತ್ತದೆ. ಒಳಗಿನ ರಸದಾನಿ ಹಿಗ್ಗುತ್ತಾ ಕೋಶದ್ರವ್ಯವನ್ನು ನುಂಗುತ್ತದೆ. ಕೋಶ ತನ್ನ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಈ ಕೆಲಸದಲ್ಲಿ ಆಟೋಫೇಜಿಗೆ ಮುಖ್ಯ ಪಾತ್ರ. ಕೋಶಕೇಂದ್ರದ ಡಿಎನ್‌ಎ ತುಂಡಾಗುತ್ತದೆ. ಕೊನೆಗೆ ಉಳಿಯುವುದು ಖಾಲಿ ಕೋಶಭಿತ್ತಿ. ಭ್ರೂಣದ ಹತ್ತಿರದ ಕೋಶಗಳಲ್ಲಿ ಈ ಕ್ರಿಯೆ ಈಗಷ್ಟೇ ಶುರುವಾಗಿರುತ್ತದೆ, ದೂರದ ಕೋಶಗಳು ಪೂರ್ತಿ ಟೊಳ್ಳಾಗಿರುತ್ತವೆ. ಆದ್ದರಿಂದ ಒಂದೇ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾವಿನ ಎಲ್ಲ ಹಂತಗಳೂ ಸಾಲಾಗಿ ಕಾಣುತ್ತವೆ.

ಆಜ್ಞೆ ಕೊಡುವ ಜೀನ್ ಯಾವುದು?

ಬೀಜದೊಳಗಿನ ಭ್ರೂಣವನ್ನು ಕಟ್ಟಿಕೊಂಡು ಪ್ರಯೋಗ ಮಾಡುವುದು ಕಷ್ಟ. ಅದಕ್ಕೇ ಸ್ವೀಡನ್ನಿನ ಉಪ್ಸಾಲಾದಲ್ಲಿ ಪೀಟರ್ ಬೋಜ್‌ಕೋವ್ ಮತ್ತು ಸಂಗಡಿಗರು ನಾರ್ವೆ ಸ್ಪ್ರೂಸ್ ಮರದ ಅಂಗಾಂಶ ಕೃಷಿಯನ್ನು ಬಳಸಿದರು. ಆಕ್ಸಿನ್ ಮತ್ತು ಸೈಟೋಕೈನಿನ್ ಇರುವ ಮಾಧ್ಯಮದಲ್ಲಿ ಕೋಶಗಳು ಗುಂಪುಗುಂಪಾಗಿ ಹೆಚ್ಚುತ್ತಲೇ ಇರುತ್ತವೆ. ಈ ಎರಡು ಹಾರ್ಮೋನುಗಳನ್ನು ತೆಗೆದರೆ ಗುಂಪಿನ ಹಲವು ಕೋಶಗಳು ಸಾಯತೊಡಗಿ ಭ್ರೂಣಗಳು ಮೂಡುತ್ತವೆ. ಇದು ಸಾವಿನ ಮೊದಲ ಅಲೆ. ಎರಡನೇ ಅಲೆ ಸಸ್ಪೆನ್ಸರ್‌ನಲ್ಲಿ. ಆಮೇಲೆ ಅಬ್ಸಿಸಿಕ್ ಆಮ್ಲ ಕೊಟ್ಟರೆ ಭ್ರೂಣ ಬಲಿಯುತ್ತದೆ.

ಸಾಯುತ್ತಿರುವ ಕೋಶಗಳಲ್ಲಿ ಅವರಿಗೆ ಸಿಕ್ಕಿದ್ದು ಮೆಟಾಕ್ಯಾಸ್ಪೇಸ್ ಎಂಬ ಕಿಣ್ವದ ಜೀನ್. ಇದು ಪ್ರೋಟೀನ್ ಕತ್ತರಿಸುವ ಕಿಣ್ವ, ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು. ದ್ವಿತೀಯ ಪಿಯುಸಿಯಲ್ಲಿ ತಂಬಾಕು ಬೇರಿನ ದುಂಡುಹುಳುವಿನ ವಿರುದ್ಧ ಬಳಸುವ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಓದಿದ್ದೀರಲ್ಲ, ಅದೇ ತಂತ್ರದಿಂದ ಈ ಜೀನ್ ಅನ್ನು ಸುಮ್ಮನಾಗಿಸಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸಾವು ಕಡಿಮೆಯಾಯಿತು. ಆದರೆ ಸಸ್ಪೆನ್ಸರ್ ರೂಪುಗೊಳ್ಳಲಿಲ್ಲ, ಭ್ರೂಣದ ಬೆಳವಣಿಗೆಯೇ ನಿಂತಿತು. ಸಾವನ್ನು ತಡೆದರೆ ಜೀವ ಹೆಚ್ಚಬೇಕಿತ್ತು ಎಂದು ನಾವು ಊಹಿಸುತ್ತೇವೆ. ಇಲ್ಲಿ ಸಾವನ್ನು ತಡೆದಾಗ ಹುಟ್ಟೇ ನಿಂತುಹೋಯಿತು.

2013ರಲ್ಲಿ ಇನ್ನೊಂದು ಹೆಜ್ಜೆ. ಆಟೋಫೇಜಿಗೆ ಬೇಕಾದ ಜೀನ್‌ಗಳನ್ನು ಸುಮ್ಮನಾಗಿಸಿದಾಗ ಸಸ್ಪೆನ್ಸರ್ ಕೋಶಗಳು ಬದುಕಲಿಲ್ಲ. ಕ್ರಮಬದ್ಧ ಸಾವಿನ ಬದಲು ನೆಕ್ರೋಸಿಸ್‌ನಿಂದ ಸತ್ತವು, ಭ್ರೂಣವೂ ಕೆಟ್ಟಿತು. ಸಾಯುವುದಷ್ಟೇ ಸಾಲದು, ಸರಿಯಾದ ರೀತಿಯಲ್ಲಿ ಸಾಯಬೇಕು ಎಂದಾಯಿತು.

ಪರೀಕ್ಷೆಯಲ್ಲಿ ಎಡವುವ ಜಾಗ

ಪ್ರಾಣಿಗಳಲ್ಲಿ ಈ ಕೆಲಸ ಮಾಡುವುದು ಕ್ಯಾಸ್ಪೇಸ್. ಸಸ್ಯಗಳಲ್ಲಿ ಕ್ಯಾಸ್ಪೇಸ್ ಇಲ್ಲ, ಅದರ ದೂರದ ನೆಂಟನಾದ ಮೆಟಾಕ್ಯಾಸ್ಪೇಸ್ ಇದೆ. ಎರಡೂ ಕತ್ತರಿಸುವ ಜಾಗ ಬೇರೆ: ಕ್ಯಾಸ್ಪೇಸ್ ಆಸ್ಪಾರ್ಟಿಕ್ ಆಮ್ಲದ ನಂತರ ಕತ್ತರಿಸುತ್ತದೆ, ಮೆಟಾಕ್ಯಾಸ್ಪೇಸ್ ಆರ್ಜಿನೈನ್ ಅಥವಾ ಲೈಸಿನ್ ನಂತರ. ಹಾಗಿದ್ದರೂ 2009ರಲ್ಲಿ ತಿಳಿದುಬಂದಂತೆ, ಟ್ಯೂಡರ್ ಸ್ಟೆಫೈಲೊಕಾಕಲ್ ನ್ಯೂಕ್ಲಿಯೇಸ್ ಎಂಬ ಒಂದೇ ಪ್ರೋಟೀನನ್ನು ಸ್ಪ್ರೂಸ್‌ನಲ್ಲಿ ಮೆಟಾಕ್ಯಾಸ್ಪೇಸೂ ಮನುಷ್ಯರ ಕೋಶದಲ್ಲಿ ಕ್ಯಾಸ್ಪೇಸೂ ತುಂಡರಿಸುತ್ತವೆ. ಕತ್ತರಿ ಬೇರೆ, ಕತ್ತರಿಸುವ ಬಟ್ಟೆ ಒಂದೇ. ಇನ್ನೊಂದು ವ್ಯತ್ಯಾಸ: ಪ್ರಾಣಿಗಳಲ್ಲಿ ಸತ್ತ ಕೋಶದ ಚೂರುಗಳನ್ನು ಪಕ್ಕದ ಕೋಶಗಳು ನುಂಗುತ್ತವೆ. ಸಸ್ಯಕೋಶಕ್ಕೆ ಗಟ್ಟಿ ಭಿತ್ತಿ ಇರುವುದರಿಂದ ಅದು ತನ್ನ ಮನೆಯನ್ನು ತಾನೇ ಒಳಗಿನಿಂದ ಖಾಲಿ ಮಾಡಬೇಕು.

ನಮ್ಮ ನಾಡಿನಲ್ಲಿ

ಇದು ದೂರದ ಹಿಮದೇಶಗಳ ವಿಷಯ ಮಾತ್ರವಲ್ಲ. ಡಿವಿಜಿಯವರ ಮಗ, ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ ಅವರು ಸಸ್ಯ ಭ್ರೂಣಶಾಸ್ತ್ರಜ್ಞರು. ಮೈಸೂರು ಸೀಮೆಯ ಒಂದು ಸೈಕಸ್‌ನ ಜೀವನಚರಿತ್ರೆಯ ಬಗ್ಗೆ 1948ರಲ್ಲಿ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಿಂದ 2000ರ ದಶಕದಲ್ಲಿ ಚಿರ್ ಪೈನ್, ಬ್ಲೂ ಪೈನ್ ಮುಂತಾದ ಭಾರತೀಯ ಪೈನ್‌ಗಳ ಅಂಗಾಂಶ ಕೃಷಿಯಲ್ಲಿ ಭ್ರೂಣ ಬೆಳೆಸುವ ಬಗ್ಗೆ ಪ್ರಬಂಧಗಳು ಬಂದಿವೆ. ಒಳ್ಳೆಯ ಮರದ ಸಾವಿರಾರು ಪ್ರತಿಗಳನ್ನು ಪಡೆಯುವುದು ಇಂಥ ಕೆಲಸದ ಗುರಿ. ಕೋಶಗಳು ಹೆಚ್ಚುತ್ತಲೇ ಇದ್ದು, ಸಾಯಬೇಕಾದವು ಸಾಯದಿದ್ದರೆ ಬಾಟಲಿಯಲ್ಲಿ ಕೋಶರಾಶಿ ಉಳಿಯುತ್ತದೆ, ಸಸಿ ಬರುವುದಿಲ್ಲ.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್‌ನಲ್ಲಿ, ನಾವು ಕ್ರಿಸ್ಮಸ್ ಮರ ಎಂದು ಕರೆಯುವ ಎತ್ತರದ ಅರಕೇರಿಯಾಗಳಿವೆ. ಅವೂ ಕೋನಿಫರ್‌ಗಳೇ. ಅರಕೇರಿಯಾ ಭ್ರೂಣದ ಮುಂತುದಿಗೆ ಟೋಪಿಯಂತೆ ಕೆಲವು ರಕ್ಷಕ ಕೋಶಗಳಿರುತ್ತವೆ. ದಾರಿ ಮಾಡಿಕೊಟ್ಟ ಮೇಲೆ ಅವೂ ನಶಿಸುತ್ತವೆ. ರಾಜಾಜಿನಗರದವರು ಮೆಟ್ರೋ ಹಸಿರು ಮಾರ್ಗದಲ್ಲಿ ನೇರವಾಗಿ, ವಿಜಯನಗರ ಮತ್ತು ಕೆಂಗೇರಿಯವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಹೋಗಿ ನೋಡಬಹುದು.

ಮಾಡಿ ನೋಡಿ

ಡ್ರೈಫ್ರೂಟ್ಸ್ ಅಂಗಡಿಯಲ್ಲಿ ಸಿಗುವ ಚಿಲ್ಗೋಜಾ ಕೂಡ ಪೈನ್ ಬೀಜವೇ. ದುಬಾರಿ, ಆದ್ದರಿಂದ ನಾಲ್ಕೈದು ಸಾಕು. ರಾತ್ರಿ ನೆನೆಹಾಕಿ, ಸಿಪ್ಪೆ ತೆಗೆದು, ತಿರುಳನ್ನು ಬ್ಲೇಡಿನಿಂದ ಎಚ್ಚರಿಕೆಯಿಂದ ಉದ್ದಕ್ಕೆ ಸೀಳಿ. ಹೊರಗಿನ ಬಿಳಿ ಭಾಗ ಸ್ತ್ರೀ ಗ್ಯಾಮೆಟೋಫೈಟ್. ನಡುವಿನ ಸಣ್ಣ ಕಡ್ಡಿಯಂಥದ್ದು ಗೆದ್ದ ಭ್ರೂಣ. ಅದರ ಒಂದು ತುದಿಯಲ್ಲಿ ಹಲವು ಬೀಜದಳಗಳು ಕಾಣುತ್ತವೆ. ಬೇರಿನ ತುದಿಯ ಬಳಿ ಒಣಗಿದ ಎಳೆ ಕಂಡರೆ ಅದು ಸಸ್ಪೆನ್ಸರ್‌ನ ಉಳಿಕೆ.

ನಿಮಗೆ ನೀವೇ ಕೇಳಿಕೊಳ್ಳಿ

1. ಸರಳ ಬಹುಭ್ರೂಣತೆ ಮತ್ತು ಸೀಳು ಬಹುಭ್ರೂಣತೆ: ಯಾವುದರ ಭ್ರೂಣಗಳು ತದ್ರೂಪಿ? ಏಕೆ?
2. ಚಿಲ್ಗೋಜಾದ ಬಿಳಿ ತಿರುಳು ಹ್ಯಾಪ್ಲಾಯ್ಡ್, ತೆಂಗಿನಕಾಯಿಯ ಬಿಳಿ ತಿರುಳು ಟ್ರಿಪ್ಲಾಯ್ಡ್. ಕಾರಣವೇನು?
3. ಮೆಟಾಕ್ಯಾಸ್ಪೇಸ್ ಜೀನ್ ಸುಮ್ಮನಾದಾಗ ಭ್ರೂಣ ಏಕೆ ಬೆಳೆಯಲಿಲ್ಲ? ಮೂರು ವಾಕ್ಯಗಳಲ್ಲಿ ಬರೆಯಿರಿ.

ಮೂರನೆಯದಕ್ಕೆ ಪುಸ್ತಕ ನೋಡದೆ ಉತ್ತರ ಬರೆಯಲು ಸಾಧ್ಯವಾದರೆ ಈ ಪಾಠ ನಿಮಗೆ ಅರ್ಥವಾಗಿದೆ.