ಕೊರಿಯನ್ ಭಾಷೆ: ರಚನೆಯ ಹೋಲಿಕೆ, ಕುಲದ ಪ್ರಶ್ನೆ

ಕೊರಿಯನ್ ವಾಕ್ಯವೂ ಕನ್ನಡದಂತೆ ಕರ್ತೃ, ಕರ್ಮ, ಕ್ರಿಯಾಪದದ ಕ್ರಮದಲ್ಲಿ ಸಾಗುತ್ತದೆ. ‘ಚೊನುನ್ ಪಾಬುಲ್ ಮೊಗೊಯೊ’ ಎಂದರೆ ‘ನಾನು ಅನ್ನವನ್ನು ತಿನ್ನುತ್ತೇನೆ’. ‘ಪಾಬ್’ ಅನ್ನ, ‘-ಉಲ್’ ದ್ವಿತೀಯಾ ಪ್ರತ್ಯಯ. ಇಂಥ ಸಾಮ್ಯಗಳನ್ನು ಹಿಡಿದು ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ. ಆದರೆ ರಚನೆಯ ಹೋಲಿಕೆ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ. ಜಪಾನಿ, ತುರ್ಕಿ ಭಾಷೆಗಳ ಪದಕ್ರಮವೂ ಹೀಗೆಯೇ ಇದೆ. ಕೊರಿಯನ್ನರೂ ತಂದೆಯನ್ನು ‘ಅಪ್ಪಾ’ ಎನ್ನುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಮಕ್ಕಳ ತೊದಲಿನಿಂದ ಹುಟ್ಟುವ ಇಂಥ ಪದಗಳು ಸಂಬಂಧವಿಲ್ಲದ ಭಾಷೆಗಳಲ್ಲೂ ಸಿಗುತ್ತವೆ. ಕುಲ ಒಂದೇ ಎನ್ನಲು ಮೂಲಪದಗಳಲ್ಲಿ ನಿಯತವಾದ ಧ್ವನಿಸಾಮ್ಯ ಬೇಕು, ಅದು ಇಲ್ಲಿ ಸಿದ್ಧವಾಗಿಲ್ಲ. ಚೀನೀ ಮೂಲದ ಪದಗಳು ಹೇರಳವಾಗಿದ್ದರೂ ಅವು ಎರವಲು ಮಾತ್ರ, ವ್ಯಾಕರಣ ಚೀನಿಯದಲ್ಲ.

ಕೊರಿಯನ್ನಿನ ನಿಜವಾದ ವೈಶಿಷ್ಟ್ಯ ಅದರ ಕ್ರಿಯಾಪದದಲ್ಲಿದೆ. ಕನ್ನಡದ ‘ಬಂದೆನು, ಬಂದಳು’ಗಳಂತೆ ಅದು ಪುರುಷ, ಲಿಂಗಗಳನ್ನು ತೋರಿಸುವುದಿಲ್ಲ, ಕೇಳುಗನೊಂದಿಗಿನ ಸಂಬಂಧವನ್ನು ತೋರಿಸುತ್ತದೆ. ಗೆಳೆಯನಿಗೆ ‘ಕಾ’, ಅಂಗಡಿಯವರಿಗೆ ‘ಕಾಯೊ’, ಸಭೆಯಲ್ಲಿ ‘ಕಾಮ್ನಿದಾ’, ಮೂರೂ ‘ಹೋಗುತ್ತೇನೆ’ಯೇ. ಇದು ಬರೀ ಶಿಷ್ಟಾಚಾರವಲ್ಲವೇ ಎನ್ನಬಹುದು. ಅಲ್ಲ: ಯಾರ ಬಗ್ಗೆ ಮಾತಾಡುತ್ತೇವೋ ಅವರ ಗೌರವಕ್ಕೆ ‘-ಶಿ-’ ಎಂಬ ಬೇರೆಯೇ ಪ್ರತ್ಯಯವಿದೆ. ಎರಡೂ ಸ್ವತಂತ್ರವಾಗಿ ಕೆಲಸ ಮಾಡುವುದರಿಂದ ಇದು ಅಪ್ಪಟ ವ್ಯಾಕರಣ. ಇನ್ನು ಕೊರಿಯನ್ನಿನ ಲಿಪಿ ಹಂಗುಲ್: ದೊರೆ ಸೆಜೋಂಗ್ 1446ರಲ್ಲಿ ಘೋಷಿಸಿದ್ದು, ಆಗ 28 ಅಕ್ಷರ, ಈಗ 24 ಮೂಲಾಕ್ಷರ. ಕೊನೆಗೆ, ಕೊರಿಯನ್ ಯಾವ ಭಾಷಾಕುಲಕ್ಕೆ ಸೇರಿದ್ದು ಎಂಬ ಪ್ರಶ್ನೆ ಬಂದರೆ ದ್ರಾವಿಡವನ್ನು ಆರಿಸಬೇಡಿ. ‘ಸ್ವತಂತ್ರ ಭಾಷೆ’ ಅಥವಾ ಜೆಜು ದ್ವೀಪದ ಭಾಷೆಯನ್ನೂ ಒಳಗೊಂಡ ‘ಕೊರಿಯಾನಿಕ್ ಕುಲ’ ಎಂಬುದೇ ಒಪ್ಪಿತ ಉತ್ತರ.